ಯಾವ ಬಟನ್ ರೀ?

ಗಂಡನ ಕೋಟಿನ ಜೇಬಿನಿಂದ ವಸಂತಲಕ್ಷ್ಮಿ ಆ ಪೈಪನ್ನು ಮೂರನೆಯ ಸಲ ಹೊರಗೆ ತೆಗೆದಳು. ಮೊದಲ ಸಲ ತೆಗೆದು ಹೂವಿನ ಬುಟ್ಟಿಯ ಹಿಂದೆ ಇಟ್ಟಿದ್ದಳು, ಎರಡನೆಯ ಸಲ ಕಿಟಕಿಯ ಮೇಲೆ. ಎರಡು ಸಲವೂ ಅವಳು ಅತ್ತ ತಿರುಗುವುದನ್ನೇ ಕಾದಿದ್ದ ವಾಸುದೇವ ಅದನ್ನು ತಂದು ಮತ್ತೆ ಹೆಣದ ಜೇಬಿಗೆ ಸಿಕ್ಕಿಸಿದ್ದ. ಈ ಸಲ ಅವಳು ಅದನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡು ಜಿಪ್ ಎಳೆದಳು.

"ಅತ್ತಿಗೆ, ಪ್ಲೀಸ್," ಎಂದ ವಾಸುದೇವ. "ಅಣ್ಣ ಕ್ಲಿಯರಾಗಿ ಬರೆದಿದಾರೆ. ಜೇಬಲ್ಲಿ ಪೈಪ್ ಇರಬೇಕು, ಎದೆ ಮೇಲೆ ನ್ಯೂಸ್‌ಪೇಪರ್ ಇರಬೇಕು ಅಂತ."

"ನಿಮ್ಮಣ್ಣ ಹುಟ್ಟಿದಾಗಿಂದ ಒಂದು ಬೀಡಿ ಸೇದಿದೋರಲ್ಲ. ಹೋಗೋವಾಗ ಯಾಕೆ ಪೈಪು?"

"ಅದು ಕ್ಯಾರೆಕ್ಟರ್ ಅಲ್ವಾ ಅತ್ತಿಗೆ?"

"ಕ್ಯಾರೆಕ್ಟರ್‌ನ ಸುಡ್ತಿಲ್ಲ ವಾಸುದೇವ್. ನನ್ನ ಗಂಡನ್ನ ಸುಡ್ತಿರೋದು."

ವಾಸುದೇವ ಪೆಚ್ಚಾದ. ಅವನು ಕೆಟ್ಟವನಲ್ಲ. ಸಿಯಾಟಲ್ಲಿನ ಫ್ರೀಮಾಂಟಿನ ಒಂದು ದೊಡ್ಡ ಆಫೀಸಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದವನು, ಬಾಯಿ ತುಂಬ ಅಣ್ಣ ಎನ್ನುತ್ತ ತ್ರಿವಿಕ್ರಮನ ನಾಟಕಗಳಿಗೆ ಇಪ್ಪತ್ತೆರಡು ವರ್ಷ ಮೈಕು, ಕ್ಯಾಮೆರಾ ಹಿಡಿದವನು. ಮೂರು ದಿನದಿಂದ ಅತ್ತು ಅತ್ತು ಅವನ ಕಣ್ಣು ಊದಿಕೊಂಡಿದ್ದವು. ಹೆಂಡತಿಯಾದವಳ ಕಣ್ಣು ಊದಿರಲಿಲ್ಲ. ಇದನ್ನು ಕೆಲವರು ಗಮನಿಸಿಯೂ ಇದ್ದರು.

ಅವನ ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರು, ಅದರಲ್ಲಿ ಮೂರು ಹಾಳೆ. ಮೇಲುಗಡೆ ದಪ್ಪಕ್ಷರದಲ್ಲಿ 'ಬಿಳಿ ಬೇಲಿ ಮನೆ: ಕೊನೆಯ ಎಪಿಸೋಡ್' ಎಂದಿತ್ತು. ಮೊದಲ ಸ್ಕ್ಯಾನಿನಿಂದ ಕೊನೆಯ ಮಾರ್ಫಿನ್ನಿನವರೆಗಿನ ಏಳು ತಿಂಗಳಲ್ಲಿ ತ್ರಿವಿಕ್ರಮ ತನ್ನ ಅಂತ್ಯಕ್ರಿಯೆಯನ್ನು ತಾನೇ ಬರೆದು, ತಿದ್ದಿ, ಪ್ರಿಂಟ್ ತೆಗೆಸಿದ್ದ. ಯಾರು ಎಲ್ಲಿ ನಿಲ್ಲಬೇಕು, ಯಾವ ವಿಡಿಯೊ ಹಾಕಬೇಕು, ಯಾರು ಮಾತಾಡಬೇಕು, ಎಲ್ಲವೂ ಅದರಲ್ಲಿತ್ತು. ಹೆಂಡತಿಗೆ ಅಂತ ಇದ್ದದ್ದು ಕಟ್ಟಕಡೆಯಲ್ಲಿ ಒಂದೇ ಮಾತು. ವಿದ್ಯುತ್ ಚಿತೆಯಂಥದೇ ಗ್ಯಾಸಿನ ಒಲೆ ಇಲ್ಲಿಯದು, ಮನೆಯವರು ಗುಂಡಿ ಒತ್ತಿದರೆ ಉರಿ ಹೊತ್ತಿಕೊಳ್ಳುತ್ತದೆ. ಆ ಗುಂಡಿಯ ಮುಂದೆ ನಿಂತು ಅವಳು ಕೇಳಬೇಕು: "ಯಾವ ಬಟನ್ ರೀ?"

ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಆ ಮಾತು ಗೊತ್ತಿಲ್ಲದವರಿಲ್ಲ. ಕನ್ನಡ ಸಂಘದ ಯುಗಾದಿಗೊಂದು, ದೀಪಾವಳಿಗೊಂದು ನಾಟಕ. ಪ್ರತಿಯೊಂದರ ಕೊನೆಗೂ ವೇದಿಕೆಯ ಮೇಲೆ ಒಂದು ಯಂತ್ರ ಇರುತ್ತಿತ್ತು: ಮೈಕ್ರೋವೇವ್, ವಾಷಿಂಗ್ ಮಶೀನು, ಗರಾಜಿನ ಬಾಗಿಲು. ದಡ್ಡ ಹೆಂಡತಿ ಕೇಳುತ್ತಾಳೆ, "ಯಾವ ಬಟನ್ ರೀ?" ಗಂಡ ಪೈಪು ಕಚ್ಚಿಕೊಂಡು, ಪೇಪರಿನಿಂದ ತಲೆ ಎತ್ತದೆ ಹೇಳುತ್ತಾನೆ, "ಎಡಗಡೇದಲ್ಲ ಕಣೇ, ಬಲಗಡೇದು." ಅವಳು ಎಡಗಡೆಯದನ್ನೇ ಒತ್ತುತ್ತಾಳೆ. ಢಂ! ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಇಪ್ಪತ್ತೆರಡು ವರ್ಷ ಒಂದೇ ಪ್ರಶ್ನೆ ಕೇಳಿಯೂ ಉತ್ತರ ಕಲಿಯದ ಹೆಂಗಸನ್ನು ಯಾರು ತಾನೇ ಮರೆತಾರು? ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಬೇರೆಯವರ ಮಕ್ಕಳ ನಾಮಕರಣದಲ್ಲಿ, ಸಿಕ್ಕವರೆಲ್ಲ ಅವಳನ್ನು ನೋಡಿ ಮೊದಲು ಹೇಳುತ್ತಿದ್ದದ್ದು ಅದನ್ನೇ.

ಇವತ್ತು ಉತ್ತರ ಹೇಳುವ ಪಾಲು ವಾಸುದೇವನದು. ಅವನು ಬೆಳಗಿನಿಂದ ಬಾಯಲ್ಲೇ ಅಭ್ಯಾಸ ಮಾಡುತ್ತಿದ್ದ.

ಮಗಳು ಮೈತ್ರಿ ಒಳಗೆ ಬಂದಳು. ಇಪ್ಪತ್ನಾಲ್ಕು ವರ್ಷ. ಕೈಯಲ್ಲಿ ಫೋನು, ಫೋನಿನಲ್ಲಿ ಮೈಸೂರು. ತ್ರಿವಿಕ್ರಮನ ಅಕ್ಕ ಕೌಸಲ್ಯಮ್ಮ ಪರದೆಗೆ ತೀರ ಹತ್ತಿರ ಕೂತಿದ್ದರಿಂದ ಅವರ ಹಣೆ, ಕನ್ನಡಕ ಮಾತ್ರ ಕಾಣುತ್ತಿದ್ದವು.

"ಅತ್ತೆ ಈಸ್ ಆನ್ ದ ಕಾಲ್," ಎಂದಳು ಮೈತ್ರಿ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲೇ.

"ಲಕ್ಷ್ಮೀ, ಅಳಬೇಡಮ್ಮ," ಎಂದರು ಕೌಸಲ್ಯಮ್ಮ, ಅಳದೆ ನಿಂತಿದ್ದವಳಿಗೆ. "ನಗ್ತಾ ಕಳಿಸ್ಬೇಕು ಅಂತ ನನಗೂ ಬರೆದು ಕಳಿಸಿದಾನೆ. ಎಲ್ಲಿ ನಗಬೇಕು ಅಂತಾನೂ ಬರೆದಿದಾನೆ, ಪಾಪ."

ವಸಂತಲಕ್ಷ್ಮಿ ಕೈಚೀಲವನ್ನು ಕಂಕುಳಿಗೆ ಒತ್ತಿಕೊಂಡಳು. ಒಳಗೆ ಪೈಪು ಗಟ್ಟಿಯಾಗಿ ಪಕ್ಕೆಗೆ ತಾಗುತ್ತಿತ್ತು.

* * *

ಶುರುವಾದದ್ದು ಒಂದು ರಟ್ಟಿನ ಪೆಟ್ಟಿಗೆಯಿಂದ. ಅವರು ಸಿಯಾಟಲ್ ಬಳಿಯ ಇಸ್ಸಾಕ್ವಾಕ್ಕೆ ಬಂದ ಮೊದಲ ವರ್ಷ, ಮೈತ್ರಿ ಇನ್ನೂ ಹುಟ್ಟಿರಲಿಲ್ಲ. ಬಾಡಿಗೆ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿ ಯಾರೋ ಅಜ್ಜಿ ಮನೆ ಖಾಲಿ ಮಾಡುತ್ತಿದ್ದಳು. ಅವಳ ಗರಾಜಿನಿಂದ ತ್ರಿವಿಕ್ರಮ ಹದಿನಾಲ್ಕು ವಿಡಿಯೊ ಕ್ಯಾಸೆಟ್ಟುಗಳನ್ನು ಹೊತ್ತು ತಂದ. ಅಮೆರಿಕದಲ್ಲಿ ಟೀವಿ ಹೊಸದಾಗಿದ್ದ ಕಾಲದ ಕಪ್ಪು ಬಿಳುಪಿನ ನಗೆ ಧಾರಾವಾಹಿ ಅದು. ಊರಾಚೆಯ ಬಡಾವಣೆಯಲ್ಲಿ ಬಿಳಿ ಬೇಲಿಯ ಮನೆ, ಟೋಪಿ ಹಾಕಿಕೊಂಡು ಆಫೀಸಿಗೆ ಹೋಗುವ ಗಂಡ, ಏಪ್ರನ್ ಕಟ್ಟಿಕೊಂಡ ಹೆಂಡತಿ. ಅವನು ಹೊರಗೆ ಹೋದೊಡನೆ ಅವಳು ಮನೆಯಲ್ಲಿ ಏನನ್ನಾದರೂ ಕೆಡಿಸುತ್ತಾಳೆ. ಅವನು ಬಂದು, ಪೈಪು ಹಚ್ಚಿ, ಪೇಪರ್ ಬಿಡಿಸಿ, ಒಂದು ಮಾತು ಹೇಳುತ್ತಾನೆ. ಕಾಣದ ಜನ ನಗುತ್ತಾರೆ.

"ಅಮೆರಿಕ ಅಂದ್ರೆ ಇದು ಕಣೇ," ಎನ್ನುತ್ತಿದ್ದ ತ್ರಿವಿಕ್ರಮ. ಶನಿವಾರ, ಭಾನುವಾರ ಇಬ್ಬರೂ ಒಂದೇ ರಗ್ಗಿನೊಳಗೆ ಕೂತು ಅದನ್ನು ನೋಡುತ್ತಿದ್ದರು. ಧಾರಾವಾಹಿಯ ಗಂಡ ಹೆಂಡತಿ ಎರಡು ಬೇರೆ ಬೇರೆ ಮಂಚಗಳ ಮೇಲೆ ಮಲಗುತ್ತಿದ್ದರು, ನಡುವೆ ಒಂದು ದೀಪದ ಮೇಜು.

"ಈ ಮೇಜೇ ಇವರ ಫ್ಯಾಮಿಲಿ ಪ್ಲಾನಿಂಗು," ಎಂದಿದ್ದಳು ವಸಂತಲಕ್ಷ್ಮಿ. ತ್ರಿವಿಕ್ರಮ ಬಿದ್ದು ಬಿದ್ದು ನಕ್ಕಿದ್ದ. ಮುಂದೆ ಎರಡನೆಯ ನಾಟಕದಲ್ಲಿ ಆ ಮಾತು ಅವನ ಬಾಯಲ್ಲಿ ಬಂತು. ಈಗಲೂ ಜನ ಅದನ್ನು ತ್ರಿವಿಕ್ರಮನ ಜೋಕು ಅಂತಲೇ ಹೇಳುತ್ತಾರೆ.

ಅದೇ ವರ್ಷದ ಅಕ್ಟೋಬರಿನ ಒಂದು ಮಧ್ಯಾಹ್ನ ತ್ರಿವಿಕ್ರಮನಿಗೆ ಡಿಶ್‌ವಾಷರ್ ಬಳಸುವ ಹುಕಿ ಬಂತು. ಅಲ್ಲಿಯವರೆಗೆ ಅವರು ಅದರೊಳಗೆ ತೊಳೆದ ಪಾತ್ರೆ ಬೋರಲು ಹಾಕಿ ಒಣಗಿಸುತ್ತಿದ್ದರು, ಅಷ್ಟೇ. "ಮ್ಯಾನ್ಯುಯಲ್ ಓದೋಣ ರೀ," ಎಂದಳು ಅವಳು. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಬಿ.ಎಸ್ಸಿ. ಮಾಡಿದವಳು. "ನಿನಗೆ ಗೊತ್ತಾಗಲ್ಲ ಬಿಡು," ಎಂದು ಅವನು ಸಿಂಕಿನ ಪಕ್ಕದಲ್ಲಿದ್ದ ಕೈಯಲ್ಲಿ ಪಾತ್ರೆ ತೊಳೆಯುವ, ಯಂತ್ರಕ್ಕೆ ಹಾಕಬಾರದ ಹಸಿರು ಸೋಪನ್ನೇ ಅದರ ಬಟ್ಟಲಿನ ತುಂಬ ಸುರಿದ. ಸಾಲದೆಂದು ಮೇಲಷ್ಟು ಸುರಿದ. ಗುಂಡಿ ಒತ್ತಿದ.

ಹತ್ತು ನಿಮಿಷಕ್ಕೆ ಬಾಗಿಲ ಸಂದಿನಿಂದ ನೊರೆ ಬಂತು. ಒಲೆಯ ಕೆಳಗೆ ಹೋಯಿತು, ಕಾರ್ಪೆಟ್ಟಿಗೆ ಏರಿತು, ಸೋಫಾದ ಕಾಲು ಮುಳುಗಿತು. ನಿಲ್ಲಿಸಲು ಓಡಿದ ತ್ರಿವಿಕ್ರಮ ಜಾರಿ ಬಿದ್ದ, ಕೌಂಟರಿನ ಅಂಚು ಎಡ ಮೊಣಕೈಗೆ ಬಡಿದು ನಾಲ್ಕು ಹೊಲಿಗೆ ಬಿದ್ದವು. ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ್ದು ಅವಳು. ಆಸ್ಪತ್ರೆಯಿಂದ ಬರುವಾಗ ಕಾರಿನಲ್ಲಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಆ ದಿನ ಅವಳಿಗೆ ಅವನ ಮೇಲೆ ತುಂಬ ಪ್ರೀತಿ ಇತ್ತು.

ಎರಡು ವಾರಕ್ಕೆ ದೀಪಾವಳಿ. ಯಾರದೋ ಮನೆಯಲ್ಲಿ ಇಪ್ಪತ್ತು ಜನ ಊಟಕ್ಕೆ ಸೇರಿದ್ದರು. "ನಮ್ಮ ಲಕ್ಷ್ಮಿ ಏನ್ಮಾಡಿದ್ಲು ಗೊತ್ತಾ?" ಎಂದು ತ್ರಿವಿಕ್ರಮ ಶುರು ಮಾಡಿದ. ತಟ್ಟೆ ಹಿಡಿದು ನಿಂತಿದ್ದ ಅವಳು, ಇವನಿಗೆ ಬಾಯಿ ತಪ್ಪಿರಬೇಕು ಅಂದುಕೊಂಡಳು. ಅವನು ಅವಳ ಕಡೆ ನೋಡಿ ಕಣ್ಣು ಹೊಡೆದ. ಇಪ್ಪತ್ತು ಜನ ನಕ್ಕರು.

ವಾಪಸು ಬರುವಾಗ ಕೇಳಿದ್ದಕ್ಕೆ ಅವನು ಹೇಳಿದ: "ಗಂಡ ತಪ್ಪು ಮಾಡಿದ್ರೆ ಅಯ್ಯೋ ಪಾಪ ಅಂತಾರೆ ಕಣೇ. ಹೆಂಡತಿ ಮಾಡಿದ್ರೇನೇ ಕಾಮಿಡಿ. ಆ ಸೀರಿಯಲ್ ನೋಡಿಲ್ವಾ ನೀನು?"

"ಹೋಗ್ಲಿ ಬಿಡಿ," ಎಂದಿದ್ದಳು ಅವಳು. ಆ ಒಂದು ಮಾತಿಗಾಗಿ ತನ್ನ ಮೇಲೆ ತನಗೇ ಬಂದ ಸಿಟ್ಟು ಆಮೇಲೆ ಇಳಿಯಲೇ ಇಲ್ಲ.

* * *

ಪ್ರಾರ್ಥನೆಯ ಹಾಲಿನಲ್ಲಿ ಎಂಬತ್ತು ಜನ ಇದ್ದರು. ಮುಂದೆ ಪೆಟ್ಟಿಗೆ, ಪಕ್ಕದಲ್ಲಿ ಪೈಪು ಹಿಡಿದ ತ್ರಿವಿಕ್ರಮನ ದೊಡ್ಡ ಫೋಟೊ. ಒಬ್ಬೊಬ್ಬರಾಗಿ ಬಂದು ಮಾತಾಡಿದರು. ಸುಳ್ಳು ಯಾರೂ ಹೇಳಲಿಲ್ಲ. ಹೊಸದಾಗಿ ಬಂದವರನ್ನು ಏರ್‌ಪೋರ್ಟಿನಿಂದ ಕರೆತಂದು ತಿಂಗಳುಗಟ್ಟಲೆ ಮನೆಯಲ್ಲಿಟ್ಟುಕೊಂಡಿದ್ದು ನಿಜ. ಊರಿನಲ್ಲಿ ಅಪ್ಪ ಸತ್ತ ಹುಡುಗನಿಗೆ ತಾನೇ ಟಿಕೆಟ್ ತೆಗೆಸಿಕೊಟ್ಟಿದ್ದು ನಿಜ. ಆಫೀಸಿನಲ್ಲಿ ಇಪ್ಪತ್ತು ವರ್ಷ ಒಂದೇ ಮೇಜಿನಲ್ಲಿ ದಾಸ್ತಾನಿನ ಸಾಫ್ಟ್‌ವೇರ್ ನೋಡಿಕೊಂಡು, ಒಂದು ಮೀಟಿಂಗಿನಲ್ಲೂ ಬಾಯಿ ಬಿಡದೆ, ತನಗಿಂತ ಚಿಕ್ಕವರ ಕೈಕೆಳಗೆ ದುಡಿದ ಮನುಷ್ಯ ಅವನು. ವರ್ಷಕ್ಕೆ ಎರಡು ಸಂಜೆ ಮಾತ್ರ ರಾಜ. ಹಾಗೆ ರಾಜನಾಗಲು ಅವನಿಗೆ ಪಕ್ಕದಲ್ಲಿ ಒಬ್ಬ ದಡ್ಡಿ ಬೇಕಿತ್ತು.

"ಈಗ ಅಣ್ಣನೇ ಸೆಲೆಕ್ಟ್ ಮಾಡಿದ ಕ್ಲಿಪ್," ಎಂದು ವಾಸುದೇವ ದೀಪ ಆರಿಸಿದ.

ಗೋಡೆಯ ಮೇಲೆ ಅದೇ ನೊರೆಯ ನಾಟಕ ಬಂತು. ಶೇವಿಂಗ್ ಕ್ರೀಮಿನ ನೊರೆ ಮೂಗಿಗೆ ಮೆತ್ತಿಕೊಂಡ ವಸಂತಲಕ್ಷ್ಮಿ, ರೇಷ್ಮೆ ಸೀರೆಯ ಮೇಲೆ ಏಪ್ರನ್ನು. ಮೊದಮೊದಲು ಸಂಘದವರು ಸರಿಯಾಗಿ ನಗದೆ ಇದ್ದಾಗ ತ್ರಿವಿಕ್ರಮ ಆ ಹಳೆಯ ಕ್ಯಾಸೆಟ್ಟಿನ ನಗುವನ್ನೇ ರೆಕಾರ್ಡ್ ಮಾಡಿಕೊಂಡು ನಡುನಡುವೆ ಹಾಕಿಸುತ್ತಿದ್ದ. ಎಂದೋ ಸತ್ತುಹೋದ ಅಮೆರಿಕನ್ನರ ನಗು. ಅವರು ನಕ್ಕ ಮೇಲೆ ಇವರೂ ನಗಲು ಕಲಿತರು.

"ಯಾವ ಬಟನ್ ರೀ?" ಎಂದಳು ಗೋಡೆಯ ಮೇಲಿನವಳು. ಸಭೆ ನಕ್ಕಿತು, ಅಳುತ್ತಲೇ ನಕ್ಕಿತು. ಟಿಶ್ಯೂ ಪೆಟ್ಟಿಗೆ ಕೈಯಿಂದ ಕೈಗೆ ಹೋಯಿತು.

ದೀಪ ಹತ್ತಿದಾಗ ವಾಸುದೇವ ಮೈಕನ್ನು ಅವಳ ಕಡೆ ಚಾಚಿದ. "ಅತ್ತಿಗೆ, ಒಂದೆರಡು ಮಾತು. ಅಣ್ಣ ಬರೆದಿಲ್ಲ, ಆದ್ರೂ ನನಗೆ ಕೇಳಬೇಕು ಅನ್ನಿಸ್ತು."

ವಸಂತಲಕ್ಷ್ಮಿ ಎದ್ದು ಹೋದಳು. ಮುಂದಿನ ಸಾಲಿನಲ್ಲಿ ಮೈತ್ರಿ ಕೂತಿದ್ದಳು. ಅವಳನ್ನೇ ನೋಡುತ್ತ ಹೇಳಿದಳು:

"ಆ ಸೋಪು ಹಾಕಿದ್ದು ನಾನಲ್ಲ. ಇವರು."

ಸೂರು ಹಾರಿಹೋಗುವ ಹಾಗೆ ನಗು ಎದ್ದಿತು.

"ನಾನು ತಮಾಷೆ ಮಾಡ್ತಿಲ್ಲ," ಎಂದಳು. ನಗು ಜೋರಾಯಿತು. ಯಾರೋ ಚಪ್ಪಾಳೆ ತಟ್ಟಿದರು. "ಟೈಮಿಂಗ್ ನೋಡಿ, ಟೈಮಿಂಗ್!" ಎಂದು ವಾಸುದೇವ ಕಣ್ಣೊರೆಸಿಕೊಂಡ. "ಅಣ್ಣ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು!"

ನಿಜ ಹೇಳಿದರೂ ನಗುತ್ತಾರೆ. ಹಾಗೆ ತಯಾರು ಮಾಡಿಟ್ಟು ಹೋಗಿದ್ದಾನೆ ಪುಣ್ಯಾತ್ಮ. ವಸಂತಲಕ್ಷ್ಮಿ ಮೈಕು ಕೊಟ್ಟು ಕೆಳಗಿಳಿದಳು. ಪೆಟ್ಟಿಗೆಯ ಪಕ್ಕ ಹಾಯುವಾಗ ಅವನ ಮುಖ ಕಂಡಿತು. ಬಣ್ಣ ಹಚ್ಚಿದ್ದರು. ವೇದಿಕೆಯ ಮೇಲೆ ಇರುತ್ತಿದ್ದ ಹಾಗೇ ಇದ್ದ. ಇರು, ಇನ್ನೊಂದು ಗಂಟೆ ಇರು, ಎಂದುಕೊಂಡಳು.

ಕೊನೆಯ ಸಾಲಿನಲ್ಲಿ, ಅವಳ ಜೊತೆ ಕೆಲಸ ಮಾಡುವ ಮೆಹರುನ್ನೀಸಾ ನಗದೆ ಕೂತಿದ್ದಳು. ಮುಂದಿನ ಸಾಲಿನಲ್ಲಿ ಮೈತ್ರಿಯೂ ನಗಲಿಲ್ಲ, ಆದರೆ ಅವಳು ತನ್ನ ಬೆರಳು ನೋಡಿಕೊಳ್ಳುತ್ತಿದ್ದಳು.

* * *

ಅಲ್ಲಿ ಸೇರಿದವರಲ್ಲಿ ಮೆಹರುನ್ನೀಸಾಳಿಗೆ ಮಾತ್ರ ಗೊತ್ತಿದ್ದ ಸಂಗತಿಯೊಂದಿತ್ತು. ಹದಿನಾರು ವರ್ಷದಿಂದ ಅವರಿಬ್ಬರೂ ಒಂದೇ ಕಾರಿನಲ್ಲಿ ಮುಕಿಲ್ಟಿಯೊ ಎಂಬ ಊರಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲೊಂದು ದೊಡ್ಡ ಶೆಡ್ಡು, ವಿಮಾನಗಳಿಗೆ ಸ್ವಿಚ್ಚಿನ ಫಲಕ ಮಾಡುವ ಜಾಗ. ಪೈಲಟ್ಟಿನ ತಲೆಯ ಮೇಲೆ ಕೂರುವ ಒಂದೊಂದು ಫಲಕದಲ್ಲೂ ನೂರಕ್ಕೆ ಮೇಲ್ಪಟ್ಟು ಗುಂಡಿಗಳು. ಕಟ್ಟಕಡೆಯ ಪರೀಕ್ಷೆ ವಸಂತಲಕ್ಷ್ಮಿಯದು. ಒತ್ತಬೇಕು, ದೀಪ ಬಂತೇ ನೋಡಬೇಕು, ಪಟ್ಟಿಯಲ್ಲಿ ತನ್ನ ಹೆಸರಿನ ಎರಡಕ್ಷರ ಬರೆಯಬೇಕು. ಆ ಎರಡಕ್ಷರ ಬಿದ್ದ ಫಲಕ ಹದಿನಾರು ವರ್ಷದಲ್ಲಿ ಒಂದೂ ವಾಪಸು ಬಂದಿರಲಿಲ್ಲ.

"ಈ ವಿಷಯ ಸಂಘದಲ್ಲಿ ಹೇಳಬೇಡ," ಎಂದಿದ್ದ ತ್ರಿವಿಕ್ರಮ. "ಗೊತ್ತಾದ್ರೆ ಯಾರು ನಗ್ತಾರೆ?" ಕೇಳಿದವರಿಗೆಲ್ಲ ಅವನು, ಏನೋ ಪ್ಯಾಕಿಂಗ್ ಕೆಲಸ, ಟೈಂಪಾಸಿಗೆ, ಎನ್ನುತ್ತಿದ್ದ. ಮಗಳಿಗೂ ಹಾಗೇ ಹೇಳಿದ್ದ.

"ನೀವಾದ್ರೂ ಬಾಯಿ ಬಿಡಬಾರ್ದಾ ವಸಂತಕ್ಕ?" ಎಂದು ಮೆಹರುನ್ನೀಸಾ ಕಾರಿನಲ್ಲಿ ಎಷ್ಟೋ ಸಲ ಕೇಳಿದ್ದಳು. ಬಿಡಬಹುದಿತ್ತು. ಆದರೆ ಮೊದಲ ಸಲ ಬಿಡದಿದ್ದದ್ದು ಹತ್ತನೆಯ ಸಲಕ್ಕೆ ಇನ್ನೂ ಕಷ್ಟ. ನೂರನೆಯ ಸಲಕ್ಕೆ ಜನ ನಂಬುವುದೂ ಇಲ್ಲ.

ಅದೆಲ್ಲವನ್ನೂ ಅವಳು ಸಹಿಸಿಕೊಂಡಿದ್ದಳು. ಸಹಿಸದೆ ಹೋದದ್ದು ಒಂದು ಬಲ್ಬಿನ ವಿಷಯ. ಮೈತ್ರಿಗೆ ಆಗ ಹನ್ನೊಂದು ವರ್ಷ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ರಟ್ಟಿನ ಮನೆ ಮಾಡಿದ್ದಳು, ಒಳಗಿನ ಬಲ್ಬು ಹತ್ತುತ್ತಿರಲಿಲ್ಲ. ವಸಂತಲಕ್ಷ್ಮಿ ಕೈ ಚಾಚಿದಳು. ಹುಡುಗಿ ರಟ್ಟಿನ ಮನೆಯನ್ನು ತಬ್ಬಿ ಹಿಂದಕ್ಕೆಳೆದುಕೊಂಡಳು. "ಡೋಂಟ್ ಟಚ್ ಇಟ್, ಅಮ್ಮ! ಯು ವಿಲ್ ಬ್ರೇಕ್ ಇಟ್. ಐ ವಿಲ್ ವೇಟ್ ಫಾರ್ ಅಪ್ಪ."

ಅಪ್ಪ ಬಂದ, ಒಂದು ಗಂಟೆ ತಿಣುಕಿದ, ಆಗಲಿಲ್ಲ. ಬೆಳಿಗ್ಗೆ ಮೈತ್ರಿ ಸ್ನಾನಕ್ಕೆ ಹೋದಾಗ ವಸಂತಲಕ್ಷ್ಮಿ ತನ್ನ ಚೀಲದಿಂದ ಬೆಸುಗೆ ಹಾಕುವ ಕಡ್ಡಿ ತೆಗೆದು, ಕಿತ್ತುಹೋಗಿದ್ದ ತಂತಿಯನ್ನು ಎರಡು ನಿಮಿಷದಲ್ಲಿ ಕೂರಿಸಿದಳು. ಬಲ್ಬು ಹತ್ತಿತು. ಮೈತ್ರಿ ಓಡಿ ಬಂದು ತಬ್ಬಿದ್ದು ತ್ರಿವಿಕ್ರಮನನ್ನು. ಅವನು ಹೆಂಡತಿಯ ಮುಖ ನೋಡುತ್ತಲೇ ಮಗಳ ತಲೆ ಸವರಿ ಹೇಳಿದ: "ಅಪ್ಪ ಇರೋದು ಯಾಕೆ ಪುಟ್ಟಾ?"

ಆ ಬೆಳಿಗ್ಗೆಯಿಂದ ವಸಂತಲಕ್ಷ್ಮಿ ಗಂಡನನ್ನು ಕ್ಷಮಿಸುವುದನ್ನು ಬಿಟ್ಟಳು. ಅಡುಗೆ ಬಿಡಲಿಲ್ಲ, ನಾಟಕ ಬಿಡಲಿಲ್ಲ. ಕ್ಷಮಿಸುವುದನ್ನು ಮಾತ್ರ ಬಿಟ್ಟಳು.

ಕಳೆದ ತಿಂಗಳು, ಮನೆಯ ಹಾಲಿನಲ್ಲಿ ಹಾಕಿದ್ದ ಆಸ್ಪತ್ರೆಯ ಮಂಚದ ಮೇಲೆ ಒರಗಿ ತ್ರಿವಿಕ್ರಮ ಆ ಮೂರು ಹಾಳೆಗಳನ್ನು ಅವಳಿಗೆ ಓದಿ ತೋರಿಸಿದ. ಕಿಟಕಿಯಾಚೆ ಅವನು ಆಸೆಪಟ್ಟು ಹಾಕಿಸಿದ್ದ ಬಿಳಿ ಬೇಲಿ ಬಿಸಿಲಿಗೆ ಹೊಳೆಯುತ್ತಿತ್ತು.

"ಗುಂಡಿ ಹತ್ರ ಹೋಗಿ ಮೂರು ಎಣಿಸು. ಎಲ್ರೂ ಕಾಯ್ತಿರ್ಬೇಕು. ಆಮೇಲೆ ಕೇಳು," ಎಂದ. ದನಿ ಸೋತಿತ್ತು, ಕಣ್ಣು ಹೊಳೆಯುತ್ತಿದ್ದವು.

"ಕೇಳ್ತೀನಿ. ನನಗೂ ಒಂದು ಕೆಲಸ ಮಾಡ್ಕೊಡಿ," ಎಂದಳು ಅವಳು. "ಮೈತ್ರಿನ ಕರೆದು ಹೇಳಿ. ಆ ಸೋಪು ಹಾಕಿದ್ದು ಯಾರು, ಅವಳ ಬಲ್ಬು ರಿಪೇರಿ ಮಾಡಿದ್ದು ಯಾರು. ಬೇರೆ ಯಾರಿಗೂ ಬೇಡ. ಅವಳೊಬ್ಬಳಿಗೆ."

ತ್ರಿವಿಕ್ರಮ ಯೋಚಿಸಿದ. ನಿಜವಾಗಿಯೂ ಯೋಚಿಸಿದ. ಆಮೇಲೆ ನಕ್ಕ.

"ಬೇಡ ಕಣೇ. ಈಗ ಹೇಳಿದ್ರೆ ಇಪ್ಪತ್ತೆರಡು ವರ್ಷದ ಷೋ ಹಾಳಾಗತ್ತೆ. ಅವಳಿಗೆ ನಾನು ಹೀರೋ. ಹೀರೋ ಆಗೇ ಹೋಗ್ತೀನಿ, ಬಿಟ್ಬಿಡು." ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡು, "ಡೈಲಾಗ್ ಹೇಳ್ತೀಯ ತಾನೇ? ಪ್ರಾಮಿಸ್?" ಎಂದ.

ಅವಳು ಚಮಚದಿಂದ ಅವನ ಬಾಯಿಗೆ ನೀರು ಬಿಟ್ಟು, ತುಟಿ ಒರೆಸಿದಳು.

"ಪ್ರಾಮಿಸ್," ಎಂದಳು. ಗಂಡನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಹೇಳಿದ ಮೇಲೆ ಚೆನ್ನಾಗಿ ನಿದ್ದೆ ಬಂತು.

* * *

ಒಲೆಯ ಕಟ್ಟಡ ಹಿಂಭಾಗದಲ್ಲಿತ್ತು. ಅಲ್ಲಿಗೆ ಬರಲು ಹದಿನೈದು ಜನರಿಗೆ ಮಾತ್ರ ಅನುಮತಿ. ಪೆಟ್ಟಿಗೆ ಮುಂದೆ ಹೋಯಿತು, ಅದರ ಹಿಂದೆ ಪುರೋಹಿತರು, ವಾಸುದೇವ, ಉಳಿದವರು. ಪುರೋಹಿತರು ತೆಲುಗಿನವರು, "ಹತ್ತೂವರೆ ಸ್ಲಾಟ್ ಅಮ್ಮಾ, ಲೇಟ್ ಆಗಬಾರದು," ಎಂದು ಎರಡು ಸಲ ಹೇಳಿದ್ದರು. ವಸಂತಲಕ್ಷ್ಮಿ ಬೇಕೆಂದೇ ಹಿಂದುಳಿದು ಮೆಹರುನ್ನೀಸಾಳ ಜೊತೆ ನಡೆಯುತ್ತಿದ್ದಳು. ಮೈತ್ರಿ ಬಂದು ಪಕ್ಕಕ್ಕೆ ಸೇರಿದಳು. ಮೆಹರುನ್ನೀಸಾ ನಾಲ್ಕು ಹೆಜ್ಜೆ ಮುಂದೆ ಹೋದಳು.

"ಅಮ್ಮ," ಎಂದಳು ಮೈತ್ರಿ. ಫೋನನ್ನು ಎದೆಗೆ ಒತ್ತಿ ಹಿಡಿದಿದ್ದಳು, ಮೈಸೂರಿಗೆ ಕೇಳಿಸಬಾರದೆಂದು. "ದ ಸೋಪ್ ಥಿಂಗ್. ವಾಸ್ ದಟ್ ಅ ಜೋಕ್?"

"ನಿಮ್ಮಪ್ಪನ ಎಡ ಮೊಣಕೈಲಿ ನಾಲ್ಕು ಹೊಲಿಗೆ ಗುರುತಿತ್ತಲ್ಲ, ನೋಡಿದೀಯ?"

"ಕ್ರಿಕೆಟ್. ಹಿ ಸೆಡ್ ಇಟ್ ವಾಸ್ ಕ್ರಿಕೆಟ್."

"ನಿಮ್ಮಪ್ಪ ಕ್ರಿಕೆಟ್ ಆಡಿದ್ದು ನೀನು ಯಾವಾಗ ನೋಡಿದೆ?"

ಮೈತ್ರಿ ಫೋನನ್ನು ಇನ್ನೊಂದು ಕೈಗೆ ಬದಲಿಸಿದಳು.

"ನೊರೆ ಮೇಲೆ ಜಾರಿ ಕೌಂಟರಿಗೆ ಬಡಿಸ್ಕೊಂಡ್ರು. ಸೋಪು ಸುರಿದಿದ್ದು ಅವರು, ಮಶೀನ್ ಆಫ್ ಮಾಡಿದ್ದು ನಾನು."

ಹತ್ತು ಹೆಜ್ಜೆ ಇಬ್ಬರೂ ನಡೆದರು. ಮೈತ್ರಿ ಇದ್ದಕ್ಕಿದ್ದಂತೆ ನಿಂತಳು.

"ಮೈ ಸೈನ್ಸ್ ಫೇರ್," ಎಂದಳು. "ದ ವೈರ್ ವಾಸ್ ಸೋಲ್ಡರ್ಡ್, ಅಮ್ಮ. ಐ ರಿಮೆಂಬರ್. ಅಪ್ಪ ನೆವರ್ ಹ್ಯಾಡ್ ಅ ಸೋಲ್ಡರಿಂಗ್ ಐರನ್."

ವಸಂತಲಕ್ಷ್ಮಿ ಹದಿಮೂರು ವರ್ಷ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತು, ಹೇಳಬೇಕಾಗಿ ಬರಲಿಲ್ಲ. ಮೂರು ದಿನದಲ್ಲಿ ಮೊದಲ ಸಲ ಕಣ್ಣು ಒದ್ದೆಯಾಯಿತು, ಸತ್ತವನಿಗಾಗಿ ಅಲ್ಲ.

"ಅಮ್ಮಾ, ಟೈಮು," ಎಂದು ಪುರೋಹಿತರು ಬಾಗಿಲಲ್ಲಿ ಕೈ ಬೀಸಿದರು.

ಒಳಗೆ ಸಿಮೆಂಟಿನ ನೆಲ, ಉಕ್ಕಿನ ಬಾಗಿಲು. ಮಂತ್ರ ಮುಗಿಯಿತು. ಪ್ರದಕ್ಷಿಣೆ ಆಯಿತು, ಬಾಯಿಗೆ ಅಕ್ಕಿಕಾಳು ಹಾಕಿದ್ದಾಯಿತು. ಪೆಟ್ಟಿಗೆ ಉರುಳುಗಳ ಮೇಲೆ ಜಾರಿ ಒಳಗೆ ಹೋಯಿತು, ಬಾಗಿಲು ಇಳಿಯಿತು. ಅಲ್ಲಿಯ ಕೆಲಸದವನು, ಎತ್ತರದ ಬಿಳಿಯ, ಗೋಡೆಯಲ್ಲಿದ್ದ ಚಿಕ್ಕ ಡಬ್ಬಿಯ ಮುಚ್ಚಳ ತೆಗೆದು ಪಕ್ಕಕ್ಕೆ ಸರಿದು ನಿಂತ.

"ವೆನೆವರ್ ಯು ಆರ್ ರೆಡಿ, ಮ್ಯಾಮ್."

ವಸಂತಲಕ್ಷ್ಮಿ ನೋಡಿದಳು. ಡಬ್ಬಿಯೊಳಗೆ ಒಂದೇ ಒಂದು ಹಸಿರು ಗುಂಡಿ, ಅದರ ಮೇಲೊಂದು ಪುಟ್ಟ ದೀಪ. ಎಡವೂ ಇಲ್ಲ, ಬಲವೂ ಇಲ್ಲ. ಏಳು ತಿಂಗಳು ಕೂತು ಬರೆದವನು ಇಲ್ಲಿಗೊಂದು ಫೋನು ಮಾಡಿ ಕೇಳಿರಲಿಲ್ಲ. ಮ್ಯಾನ್ಯುಯಲ್ ಓದುವ ಅಭ್ಯಾಸ ಅವನಿಗೆ ಕೊನೆಗೂ ಬರಲಿಲ್ಲ.

ಹಿಂದೆ ಹದಿನೈದು ಜನ ಒಂದು ಹೆಜ್ಜೆ ಹತ್ತಿರ ಬಂದರು. ವಾಸುದೇವ ಗಂಟಲು ಸರಿಮಾಡಿಕೊಂಡು ಹಾಳೆಯನ್ನು ಮೇಲೆತ್ತಿದ. ಮೈತ್ರಿ ಕೈಯ ಫೋನಿನಲ್ಲಿ ಕೌಸಲ್ಯಮ್ಮನ ಕನ್ನಡಕ ಇನ್ನೂ ಹತ್ತಿರ ಬಂತು. ಎಲ್ಲರ ತುಟಿಯ ಮೇಲೂ ನಗು ಆಗಲೇ ಬಂದು ಕೂತಿತ್ತು, ಬೀಳುವ ಮಾತಿಗಾಗಿ ಕಾಯುತ್ತಿತ್ತು.

ಅವಳು ಬೆರಳು ಎತ್ತಿದಳು. ಒಂದು, ಎಂದು ಎಣಿಸಿದಳು.

ಎರಡು.

ಒತ್ತಿದಳು.

ಗೋಡೆಯ ಹಿಂದೆ ಉರಿ ಭುಸ್ಸೆಂದು ಎದ್ದಿತು. ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಬಾಯಿಪಾಠ ಮಾಡಿದ್ದ ವಾಸುದೇವನ ತುಟಿ ತಾನಾಗಿ ಅಲುಗಿತು.

"ಎಡಗಡೇದಲ್ಲ ಕಣೇ, ಬಲ..." ಎಂದವನು ಅಲ್ಲಿಗೇ ನಿಂತ. ಯಾರೂ ಕೇಳದ ಪ್ರಶ್ನೆಯ ಉತ್ತರ ಸಿಮೆಂಟಿನ ಕೋಣೆಯಲ್ಲಿ ಸುಮ್ಮನೆ ಉಳಿಯಿತು. ಹದಿನೈದು ಮುಖಗಳ ಮೇಲಿನ ನಗು ಎಲ್ಲಿಗೆ ಹೋಗಬೇಕೆಂದು ಗೊತ್ತಾಗದೆ ಅಲ್ಲಲ್ಲೇ ಆರಿತು. ಒಬ್ಬರೂ ನಗಲಿಲ್ಲ.

ಆಗ ಮೈಸೂರಿನಿಂದ, ನಾಲ್ಕು ಸೆಕೆಂಡು ತಡವಾಗಿ, ಫೋನಿನಲ್ಲಿ ಒಂದು ನಗು ಬಂತು. ಬರೆದುಕೊಟ್ಟಿದ್ದ ಜಾಗದಲ್ಲಿ ಕೌಸಲ್ಯಮ್ಮ ಒಬ್ಬರೇ ನಕ್ಕರು. ನಕ್ಕು, ಜೊತೆಗೆ ಯಾರೂ ಇಲ್ಲವೆಂದು ಗೊತ್ತಾಗಿ ನಿಲ್ಲಿಸಿದರು.

"ಲಕ್ಷ್ಮಿ ಏನಂದ್ಲು?" ಎಂದು ಕೇಳಿದರು. "ನನಗೆ ಕೇಳಿಸ್ಲಿಲ್ಲ. ಮೈತ್ರೀ, ಲಕ್ಷ್ಮಿ ಏನಂದ್ಲು?"

ಮೈತ್ರಿ ಫೋನನ್ನು ಮುಖದ ಹತ್ತಿರ ತಂದಳು.

"ಅಮ್ಮ ಏನೂ ಅನ್ಲಿಲ್ಲ, ಅತ್ತೆ," ಎಂದಳು. "ಬಟನ್ ಒತ್ತಿದ್ರು ಅಷ್ಟೇ. ಅವರಿಗೆ ಗೊತ್ತು." ಹೇಳಿ, ಹೆಬ್ಬೆರಳಿನಿಂದ ಕಾಲ್ ಕಟ್ ಮಾಡಿದಳು.

ವಸಂತಲಕ್ಷ್ಮಿ ಹಸಿರು ಗುಂಡಿಯ ಮೇಲಿನ ದೀಪ ನೋಡಿದಳು. ಹತ್ತಿತ್ತು. ಕೈಚೀಲದ ಜಿಪ್ ಎಳೆದು, ಪೈಪನ್ನು ಪಕ್ಕಕ್ಕೆ ತಳ್ಳಿ, ಪೆನ್ನು ತೆಗೆದಳು. ವಾಸುದೇವನ ಕೈಯಿಂದ ಹಾಳೆ ತೆಗೆದುಕೊಂಡು ಗೋಡೆಗೆ ಆನಿಸಿ ಹಿಡಿದು, ಕೊನೆಯ ಸಾಲಿನ ಮುಂದೆ ತನ್ನ ಹೆಸರಿನ ಎರಡಕ್ಷರ ಬರೆದಳು.